ಹಾಡು ಕತ್ತರಿಸಿದ್ದರೆ ಏನು ಉಳಿಯುತ್ತಿತ್ತು?

ಬ್ರಿಟನ್ನಿನ ರಾಕ್ ತಂಡ ಲೆಡ್ ಜೆಪೆಲಿನ್ ಶುರುವಾದ ದಿನಗಳ ಸಾಕ್ಷ್ಯಚಿತ್ರ ಎಳೆದಂತಿದೆ, ಹಾಡುಗಳನ್ನು ಅಷ್ಟುದ್ದ ಬಿಡಬಾರದಿತ್ತು ಅಂತ ನಿಮ್ಮ ವಿಮರ್ಶೆಯಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. 1969ರ ಆ ಟಿವಿ ಕಾರ್ಯಕ್ರಮದ ದೃಶ್ಯ ನೆನಪಿಸಿಕೊಳ್ಳಿ. ವೇದಿಕೆ ಮೇಲೆ ತಂಡದ ಡ್ರಮ್ಮರ್ ಜಾನ್ ಬಾನ್‌ಹ್ಯಾಮ್ ಮೈಮರೆತು ಡ್ರಮ್ಸ್ ಬಾರಿಸುತ್ತಿದ್ದಾರೆ, ಎದುರಿಗೆ ಕೂತ ಜನ ಕಿವಿಗೆ ಬೆರಳಿಟ್ಟುಕೊಂಡಿದ್ದಾರೆ! ಅದನ್ನು ಹತ್ತು ಸೆಕೆಂಡಿಗೆ ಕತ್ತರಿಸಿದ್ದರೆ ಈ ಸಂಗೀತ ಆಗಿನವರಿಗೆ ಎಷ್ಟು ಹೊಸದಾಗಿತ್ತು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

‘ರಾತ್ರೋರಾತ್ರಿ ಗೆದ್ದ ತಂಡ’ ಅಂದಿರುವುದೂ ಸರಿಯಲ್ಲ. ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್, ಬೇಸ್ ಗಿಟಾರ್ ವಾದಕ ಜಾನ್ ಪಾಲ್ ಜೋನ್ಸ್ ಇಬ್ಬರೂ ಅದಕ್ಕೂ ಮುಂಚೆ ವರ್ಷಗಟ್ಟಲೆ ಲಂಡನ್ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡುಗಳಿಗೆ ನುಡಿಸಿದವರು. 1968ರಲ್ಲಿ ಮೊದಲ ಆಲ್ಬಂ ಕೆಲವೇ ವಾರಗಳಲ್ಲಿ ಮುಗಿದದ್ದು ಸುಮ್ನೆ ಅಲ್ಲ, ಕೈ ಅಷ್ಟು ಪಳಗಿತ್ತು.

ಇನ್ನೊಂದು ಮಾತು. 1980ರಲ್ಲಿ ತೀರಿಕೊಂಡ ಬಾನ್‌ಹ್ಯಾಮ್ ಅವರ ಹಳೆಯ ಸಂದರ್ಶನದ ದನಿಯನ್ನು ತಂಡದ ಉಳಿದ ಮೂವರು ಕೂತು ಕೇಳುವ ಭಾಗದ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಇಡೀ ಚಿತ್ರದಲ್ಲಿ ನನಗೆ ಜಾಸ್ತಿ ತಟ್ಟಿದ್ದು ಅದೇ. ಗೆಳೆಯನ ದನಿ ಕೇಳುವಾಗಿನ ಆ ಮುಖಗಳನ್ನು ನೋಡಿ ಕಣ್ಣು ತುಂಬಿ ಬಂತು. ಹಿಂದಕ್ಕೆ ಹೋಗಿ ಮತ್ತೊಮ್ಮೆ ನೋಡಿದೆ.