ತಾಯಿ ಕೂಡಿಟ್ಟ ವಸ್ತುಗಳು
ಚೀನಾದ ಸಮಕಾಲೀನ ಕಲೆಯ ಕುರಿತ ಲೇಖನದಲ್ಲಿ ಆ ಕಲೆಯನ್ನು ಪ್ರಭುತ್ವದ ವಿರುದ್ಧದ ಪ್ರತಿಭಟನೆ ಎಂದಷ್ಟೇ ಲೇಖಕರು ನೋಡಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಚೀನಾದ ಕಲಾವಿದ ಸಾಂಗ್ ಡಾಂಗ್ 2005ರಲ್ಲಿ ಬೀಜಿಂಗ್‌ನಲ್ಲಿ ಮೊದಲು ಪ್ರದರ್ಶಿಸಿದ ‘ವೇಸ್ಟ್ ನಾಟ್’ (ವ್ಯರ್ಥ ಮಾಡಬೇಡ) ಕೃತಿಯನ್ನು ಗಮನಿಸಬೇಕು. ಅಭಾವದ ದಶಕಗಳಲ್ಲಿ ಏನನ್ನೂ ಎಸೆಯದೆ ಬದುಕಿದ ಅವರ ತಾಯಿ ಝಾವೋ ಷಿಯಾಂಗ್‌ಯುವಾನ್ ಕೂಡಿಟ್ಟಿದ್ದ ಸೋಪು, ಖಾಲಿ ಬಾಟಲಿ, ಟೂತ್‌ಪೇಸ್ಟ್ ಟ್ಯೂಬು, ಬಟ್ಟೆಯ ತುಂಡುಗಳೂ ಸೇರಿದಂತೆ 10,000ಕ್ಕೂ ಹೆಚ್ಚು ವಸ್ತುಗಳನ್ನು ಅಲ್ಲಿ ಬಗೆಬಗೆಯಾಗಿ ವಿಂಗಡಿಸಿ ನೆಲದ ಮೇಲೆ ಹರಡಲಾಗಿತ್ತು. 2002ರಲ್ಲಿ ಪತಿಯನ್ನು ಕಳೆದುಕೊಂಡು ದುಃಖದಲ್ಲಿ ಮುಳುಗಿದ್ದ ಆ ತಾಯಿಯೇ ಮಗನ ಜೊತೆಗೂಡಿ ಅವನ್ನು ಜೋಡಿಸಿದರು. ಇಡೀ ಕೃತಿಯಲ್ಲಿ ನನ್ನನ್ನು ಹೆಚ್ಚು ಕಲಕುವುದು ಇದೇ. ಕೊಳ್ಳುವುದೂ ಎಸೆಯುವುದೂ ಸಹಜವಾಗಿಬಿಟ್ಟ ಹೊಸ ಬೀಜಿಂಗ್‌ನಲ್ಲಿ, ಮಕ್ಕಳಿಗೇ ಅರ್ಥವಾಗದೆ ಹೋಗುತ್ತಿದ್ದ ಒಂದು ತಲೆಮಾರಿನ ಮಿತವ್ಯಯಕ್ಕೆ ಅದು ಗೌರವದ ಸ್ಥಾನ ನೀಡಿತು. ಘೋಷಣೆಯಿಲ್ಲದ ಇಂತಹ ಕೃತಿಗೂ ಲೇಖನದಲ್ಲಿ ಜಾಗವಿರಬೇಕಿತ್ತು.