ಪರ-ವಿರೋಧ: ರಾಜ್ಯದಲ್ಲಿ ಪೂರ್ತಿ ಪಾನನಿಷೇಧ ಬೇಕೇ?

ಪರ: ಅಂಗಡಿ ಮುಚ್ಚಲೇಬೇಕು

2007ರ ಜುಲೈನಲ್ಲಿ ನಮ್ಮ ರಾಜ್ಯ ಸಾರಾಯಿ ನಿಲ್ಲಿಸಿತು. ಆ ಜಾಗಕ್ಕೆ ಏನು ಬಂತು? 90 ಎಂಎಲ್ ವಿಸ್ಕಿ ಪ್ಯಾಕೆಟ್. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಪೀಣ್ಯದ ವೈನ್ಸ್ ಅಂಗಡಿಗಳ ಮುಂದೆ ನಿಂತು ನೋಡಿ. ಪ್ಯಾಕೆಟ್ ಮೂಲೆಯನ್ನು ಹಲ್ಲಲ್ಲೇ ಕಿತ್ತು, ನೀರೂ ಬೆರೆಸದೆ ಗಟಗಟ ಕುಡಿದು ಕೆಲಸಕ್ಕೆ ಓಡುತ್ತಾರೆ.

ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮ ಲೈನಿನ ಅಕ್ಕ ಒಬ್ಬರು ಸಂಬಳ ಬಿದ್ದ ದಿನ ಎಟಿಎಂ ಕಾರ್ಡ್ ನನ್ನ ಕೈಗೆ ಕೊಟ್ಟು ಹೋಗುತ್ತಾರೆ. ಮನೆಗೆ ಒಯ್ದರೆ ಗಂಡ ಕಿತ್ತುಕೊಳ್ಳುತ್ತಾನೆ. ಒಮ್ಮೆ ಕಾರ್ಡ್ ಸಿಗಲಿಲ್ಲ ಅಂತ ರೇಷನ್ ಅಕ್ಕಿಯನ್ನೇ ಮಾರಿ ಕುಡಿದ. ಆ ರಾತ್ರಿ ಮಕ್ಕಳು ನಮ್ಮ ಮನೆಯಲ್ಲಿ ಉಂಡರು. ಸಣ್ಣವನು ಅಮ್ಮನಿಗೂ ಒಂದಿಷ್ಟು ಅನ್ನ ಕಟ್ಟಿಕೊಡಿ ಅಂದ. "ಅಂಗಡಿ ದೂರ ಇದ್ದಿದ್ರೆ ಇಷ್ಟೊಂದು ಕುಡೀತಿರ್ಲಿಲ್ಲ ಕಣೆ" ಅಂತಾರೆ ಅಕ್ಕ. ಅವರ ಬೀದಿಯ ಎರಡೂ ತುದಿಗೆ ಬಾರ್ ಇದೆ.

2019ರ ಜನವರಿಯಲ್ಲಿ ಹಳ್ಳಿ ಹೆಂಗಸರು ಇದನ್ನೇ ಕೇಳಲು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಅಂಗಡಿ ಮಾತ್ರ ಮುಚ್ಚಲಿಲ್ಲ. ಕಳ್ಳಭಟ್ಟಿ ಬರುತ್ತೆ ಅಂತ ಹೆದರಿಸುತ್ತಾರೆ. ಹಿಡಿಯೋಕೆ ಅಬಕಾರಿ ಇಲಾಖೆ ಇದೆ, ಹಿಡಿಯಲಿ. ಕುಡಿಯೋದು ಅವರವರ ಸ್ವಾತಂತ್ರ್ಯ ಅನ್ನುವವರು ಪಬ್‌ನಲ್ಲಿ ಕೂತು ಮಾತಾಡುವವರು. ಅವರ ಮಕ್ಕಳು ಹಸಿದು ಮಲಗುವುದಿಲ್ಲ.

ವಿರೋಧ: ನಿಷೇಧದಿಂದ ಚಟ ಬಿಡುವುದಿಲ್ಲ

ಈ ಕಡೆಯಿಂದ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಕುಡಿತ ಮನೆ ಹಾಳು ಮಾಡುತ್ತದೆ ಅನ್ನುವುದರಲ್ಲಿ ನನಗೆ ತಕರಾರಿಲ್ಲ.

ಆದರೆ 1981 ನೆನಪಿರಲಿ. ಇದೇ ಬೆಂಗಳೂರಿನಲ್ಲಿ ಮೆಥನಾಲ್ ಅನ್ನುವ ವಿಷ ಬೆರೆತ ಕಳ್ಳ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ಮೈಯೊಳಗೆ ಫಾರ್ಮಿಕ್ ಆಮ್ಲ ಆಗಿ ಕಣ್ಣಿನ ನರವನ್ನೇ ಸುಡುತ್ತದೆ. ನಿಷೇಧ ಇರುವ ಗುಜರಾತ್, ಬಿಹಾರದಲ್ಲೂ ಹೀಗೇ ಸತ್ತಿದ್ದಾರೆ. ಗಾಂಜಾ ಮಾರುವುದು ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ. ನಮ್ಮೂರಲ್ಲಿ ಸಿಗೋದು ನಿಂತಿದೆಯಾ?

ದಿನಾ ಕುಡಿಯುವವನಿಗೆ ಒಮ್ಮೆಲೇ ನಿಂತರೆ ಕೈ ನಡುಗುತ್ತದೆ, ಫಿಟ್ಸ್ ಬರುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ. ಜೀವಕ್ಕೇ ಅಪಾಯ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥವರು ಜಾಸ್ತಿ ಬಂದರು. ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ಚಿಕಿತ್ಸೆ ಇದೆ. ಅದು ತಾಲ್ಲೂಕು ಆಸ್ಪತ್ರೆಗೂ ಬರಲಿ. ಬೀದಿಗೆರಡು ಬಾರ್ ಬೇಡ ಅನ್ನುವುದಾದರೆ, ಆ ಮನವಿಗೆ ನಾನೂ ಸಹಿ ಹಾಕುತ್ತೇನೆ.