ವೀಸಾ ದೇವರಿಗೆ ಹುಂಡಿಯಿಲ್ಲ

ಅಮೆರಿಕದ ಪೌರನಾದ ಮಗ ಅಪ್ಪನನ್ನು ಅಲ್ಲೇ ನೆಲೆಸಲು ಕರೆಸಿಕೊಳ್ಳಲೆಂದು ಹಾಕಿದ ಅರ್ಜಿ ಪಾಸಾಗಿ, ಕೊನೆಗೂ ವೀಸಾ ಫೀಸು ಕಟ್ಟುವ ಶುಭಮುಹೂರ್ತ ಬಂದಾಗ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: ‘ರೌಟಿಂಗ್ ನಂಬರ್ ಅಂದ್ರೆ ಏನ್ರೀ?’

ಐಎಫ್‌ಎಸ್‌ಸಿ ಕೋಡ್ ತುಂಬಿ ನೋಡಿದ್ದರಂತೆ. ಪಾಸ್‌ಬುಕ್ಕಿನ ಮೊದಲ ಪುಟದ ಅಂಕಿಗಳನ್ನೆಲ್ಲ ತುಂಬಿಯೂ ಆಗಿತ್ತು. ಒಪ್ಪಲಿಲ್ಲ. ಬೇಕಿದ್ದದ್ದು ಅಮೆರಿಕದ ಬ್ಯಾಂಕಿನ 9 ಅಂಕಿ. ಅಲ್ಲಿಗೆ ಹೋಗಲು ವೀಸಾ ಬೇಕು, ವೀಸಾಕ್ಕೆ ಫೀಸು ಕಟ್ಟಬೇಕು, ಫೀಸು ಕಟ್ಟಲು ಅಲ್ಲೇ ಖಾತೆ ಇರಬೇಕು. ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಪಾಪ, ಅವಳಿಗೆ ಪಾಸ್‌ಪೋರ್ಟೇ ಇರಲಿಲ್ಲ.

ವೀಸಾ ಅರ್ಜಿಗೆ 325 ಡಾಲರ್. ಮಗ ಅಪ್ಪನನ್ನು ಸಾಕುತ್ತೇನೆ ಅಂತ ಬರೆದುಕೊಡುವ ಪ್ರಮಾಣಪತ್ರವನ್ನು ಪರಿಶೀಲಿಸಲು ಇನ್ನೊಂದು 120. ಆ ಮಗನನ್ನು ಸಾಕುವಾಗ ಮೇಷ್ಟ್ರು ಯಾರಿಗೂ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಎರಡನ್ನೂ ಒಟ್ಟಿಗೆ ಕಟ್ಟುವ ಹಾಗೂ ಇಲ್ಲ, ಬೇರೆ ಬೇರೆಯಾಗಿಯೇ ಕಟ್ಟಬೇಕು. ವೀಸಾ ಸಿಕ್ಕಮೇಲೆ ಗ್ರೀನ್ ಕಾರ್ಡಿಗೆಂದು 235 ಡಾಲರ್ ಇದೆಯಲ್ಲ, ಅದಕ್ಕೆ ಮಾತ್ರ ಕ್ರೆಡಿಟ್ ಕಾರ್ಡು ನಡೆಯುತ್ತದೆ! ಸರ್ಕಾರ ಅದೇ, ಕಿಟಕಿ ಬೇರೆ. ಆಗ ನಮ್ಮ ಬ್ಯಾಂಕಿನವರೂ ಸುಮ್ಮನಿರುವುದಿಲ್ಲ. ಡಾಲರ್ ಮುಟ್ಟಿದ ಪಾಪಕ್ಕೆ ಮಾರ್ಕಪ್ ಅನ್ನೋ ಹೆಚ್ಚುವರಿ ಶುಲ್ಕ, ಮಾರ್ಕಪ್ ಹಾಕಿದ ಶ್ರಮಕ್ಕೆ ಶೇ 18 ಜಿಎಸ್‌ಟಿ.

ಸುಮ್ಮನೆ ನೋಡಿಕೊಂಡು ಬರುವವರಿಗೆ 185 ಡಾಲರಿನ ಪ್ರವಾಸಿ ವೀಸಾ. ಅದನ್ನು ದೊಡ್ಡ ಮನಸ್ಸು ಮಾಡಿ ರೂಪಾಯಿಯಲ್ಲೇ ತೆಗೆದುಕೊಳ್ಳುತ್ತಾರೆ, ಆದರೆ ದರ ಅವರದೇ. ಪೇಪರಿನಲ್ಲಿ ಬರುವ ಡಾಲರ್ ಬೇರೆ, ವೀಸಾ ಕೊಡುವ ಕಾನ್ಸುಲೇಟಿನ ಡಾಲರ್ ಬೇರೆ. ಮಲ್ಲಿಗೆಯನ್ನು ಮೊಳ ಹಾಕುವವಳ ಕೈ ಎಷ್ಟುದ್ದವೋ ಮೊಳ ಅಷ್ಟೇ ಉದ್ದ.

ಇದಕ್ಕಿಂತ ಹೈದರಾಬಾದ್ ಹತ್ತಿರದ ಚಿಲ್ಕೂರು ಬಾಲಾಜಿಯ ವ್ಯವಹಾರ ಎಷ್ಟೋ ಮೇಲು. ಜನ ಕರೆಯುವುದೇ ವೀಸಾ ದೇವರು ಅಂತ, ಆದರೂ ಅಲ್ಲಿ ಹುಂಡಿಯಿಲ್ಲ. ಕೋರಿಕೆ ಇಡುವಾಗ 11 ಪ್ರದಕ್ಷಿಣೆ, ಕೆಲಸ ಆದಮೇಲೆ ಬಂದು 108. ಅಂದರೆ ಅಡ್ವಾನ್ಸ್ ಕಡಿಮೆ, ಬಾಕಿಯೆಲ್ಲ ಕೆಲಸ ಮುಗಿದಮೇಲೆ. ಪ್ರದಕ್ಷಿಣೆಗೆ ಎಕ್ಸ್‌ಚೇಂಜ್ ರೇಟೂ ಇಲ್ಲ. ಮಂಡಿನೋವು ಯಾವ ದೇಶಕ್ಕೆ ಹೊರಟವರಿಗೂ ಒಂದೇ.

ಕಾನ್ಸುಲೇಟಿನ ಕಿಟಕಿಯ ಆಚೆ ಕೂತವರದು ಹಾಗಲ್ಲ. ಎರಡು ನಿಮಿಷ ಮಾತಾಡಿಸಿ ಇಲ್ಲ ಅಂದರೂ ದುಡ್ಡು ಅವರದೇ, ವಾಪಸಿಲ್ಲ. ಬೇಡ ಅನ್ನುವ ಹಕ್ಕು ಅವರಿಗಿದೆ, ಒಪ್ಪೋಣ. ಬೇಡ ಅನ್ನಿಸಿಕೊಳ್ಳಲು ಒಬ್ಬ ಮನುಷ್ಯ ತಿಂಗಳ ಪಿಂಚಣಿಯಲ್ಲಿ ಇಷ್ಟು ತೆಗೆದಿಡಬೇಕು ಅಂದರೆ ನನಗೆ ನಗುವೂ ಬರುವುದಿಲ್ಲ.

ಕೊನೆಗೆ ಮಗನೇ ಅಲ್ಲಿನ ತನ್ನ ಖಾತೆಯಿಂದ ಕಟ್ಟಿದ. ಯಾರ ಸಾಲವನ್ನೂ ಇಟ್ಟುಕೊಳ್ಳದ ಮೇಷ್ಟ್ರು ಡೈರಿ ತೆಗೆದು ‘ಮಗನಿಗೆ ಕೊಡಬೇಕಾದ್ದು: 445 ಡಾಲರ್’ ಅಂತ ಬರೆದು, ಪೆನ್ನು ಹಿಡಿದುಕೊಂಡೇ ನನ್ನನ್ನು ಕೇಳಿದರು:

‘ಯಾವ ರೇಟು ಹಾಕ್ಲಿ? ಪೇಪರಿಂದೋ, ಕಾನ್ಸುಲೇಟಿಂದೋ?’